ಬೋರ್ಡು ಪೂರ್ತಿ

ನೋಡಲು ಅಂಥ ದೊಡ್ಡ ವಸ್ತುವೇನಲ್ಲ ಆ ಬೋರ್ಡು. ಬೋಟಿನ ಹಿಂಭಾಗದಲ್ಲಿ, ನೀರಿನಿಂದ ಹತ್ತಿ ಬರುವ ಏಣಿಯ ಪಕ್ಕ ಮೊಳೆ ಹೊಡೆದು ಕೂರಿಸಿದ ಒಂದು ಹಲಗೆ. ಅದರ ಮೇಲೆ ಸಾಲಾಗಿ ಕೊಕ್ಕೆಗಳು, ಕೊಕ್ಕೆಗೊಂದು ಪ್ಲಾಸ್ಟಿಕ್ ಬಿಲ್ಲೆ. ಬಿಲ್ಲೆಯ ಒಂದು ಮುಖ ಕೆಂಪು, ಇನ್ನೊಂದು ಹಸಿರು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗಲು ಹೋಗುವವರು ತಮ್ಮ ಬಿಲ್ಲೆಯ ಕೆಂಪು ಮುಖ ಹೊರಗೆ ಮಾಡಿ ನೀರಿಗಿಳಿಯಬೇಕು. ಮೇಲೆ ಬಂದ ತಕ್ಷಣ ಅದನ್ನು ಹಸಿರಿಗೆ ತಿರುಗಿಸಬೇಕು. ಆಮೇಲೆ ಬೇಕಾದರೆ ಕೂರಲಿ, ವಾಂತಿ ಮಾಡಲಿ, ಕಂಡ ಮೀನಿನ ಉದ್ದವನ್ನು ಎರಡು ಪಟ್ಟು ಮಾಡಿ ಬಡಾಯಿ ಕೊಚ್ಚಲಿ. ಅವರವರ ಬಿಲ್ಲೆ ಅವರವರೇ ಮುಟ್ಟಬೇಕು. ಒಂದೇ ಒಂದು ಕೆಂಪು ಉಳಿದಿದ್ದರೂ ಬೋಟು ಆ ಜಾಗ ಬಿಟ್ಟು ಅಲ್ಲಾಡುವ ಹಾಗಿಲ್ಲ.

ಬಂದವರಿಗೆಲ್ಲ ಇದನ್ನು ಗಿಣಿಪಾಠ ಮಾಡಿಸುವುದು ಅಕ್ಕನ ಕೆಲಸ. ಬಂದರಿನಲ್ಲಿ ಎಲ್ಲರಿಗೂ ಅವಳು ಅಕ್ಕನೇ, ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ. ಬೋಟು ಓಡಿಸುವವನು ಅವಳ ಗಂಡ. ಜನರನ್ನು ನೀರಿನೊಳಗೆ, ಹಳೆಯ ಮುಳುಗಿದ ಹಡಗುಗಳ ಹತ್ತಿರ ಕರೆದುಕೊಂಡು ಹೋಗುವ ಗೈಡು ಅವಳ ತಮ್ಮ. ಗಂಡ ನೀರಿನ ಮೇಲೆ, ತಮ್ಮ ನೀರಿನ ಕೆಳಗೆ, ನಡುವೆ ಏಣಿ ಕಾಯುತ್ತ ತಾನು, ಇದೇ ನಮ್ಮ ಸಂಸಾರ ಎಂದು ಅವಳು ನಗುತ್ತಿದ್ದಳು. ಗಂಡ ಮಾತಿಗೆ ಬಲು ಜಿಪುಣ. ಹೊರಡುವ ಮುಂಚೆ ಸ್ಟಿಯರಿಂಗ್ ಬಿಡದೆ, ಹಿಂದೆ ತಿರುಗದೆ, "ಬೋರ್ಡು?" ಎಂದಷ್ಟೇ ಕೇಳುತ್ತಿದ್ದ. ಅವಳು "ಪೂರ್ತಿ" ಎಂದರೆ ಇಂಜಿನ್ನು ಗುಡುಗುತ್ತಿತ್ತು. ಮದುವೆಯಾದ ಹೊಸತರಲ್ಲೂ ಅವರ ನಡುವೆ ಇಷ್ಟು ಚೊಕ್ಕದಾದ ಮಾತುಕತೆ ನಡೆದಿದ್ದಿಲ್ಲ.

ಇಷ್ಟೆಲ್ಲ ನಿಯಮ ಇದ್ದದ್ದು ಮಿಕ್ಕವರಿಗೆ. ತಮ್ಮನಿಗೆ ಇರಲಿಲ್ಲ.

ನೀರಿನೊಳಗೆ ಅವನಷ್ಟು ಕಟ್ಟುನಿಟ್ಟಿನ ಗೈಡು ಆ ದ್ವೀಪದಲ್ಲೇ ಇನ್ನೊಬ್ಬನಿರಲಿಲ್ಲ ಬಿಡಿ. ಯಾರ ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ, ಎಷ್ಟು ಆಳದಲ್ಲಿ ಎಷ್ಟು ನಿಮಿಷ ಆಯಿತು, ಯಾರ ಕಣ್ಣಿನಲ್ಲಿ ಹೆದರಿಕೆ ಕಂಡಿತು, ಎಲ್ಲ ಅವನ ಬೆರಳ ತುದಿಯಲ್ಲಿ. ಮೇಲೆ ಬಂದನೋ, ಮುಗಿಯಿತು, ಮೈಮೇಲೆ ಜ್ಞಾನವೇ ಇಲ್ಲ. ಕಾಲಿನ ಹಳದಿ ಫಿನ್ಸ್, ಆ ಈಜುರೆಕ್ಕೆಗಳನ್ನು, ಕಳಚಿ ಬುಟ್ಟಿಗೆ ಎಸೆಯುವುದು, ಭುಜದವರೆಗೆ ಇಳಿಬಿದ್ದ ಕೂದಲನ್ನು ಒದ್ದೆ ನಾಯಿಯ ಹಾಗೆ ಕೊಡವಿ ಅಕ್ಕನ ಮೈಮೇಲೆಲ್ಲ ನೀರು ಹಾರಿಸುವುದು, "ಅಕ್ಕ, ಟೀ" ಎನ್ನುವುದು, ಬೋಟಿನ ಮೂತಿಗೆ ಹೋಗಿ ಟವೆಲ್ ಹೊದ್ದು ಬಿದ್ದುಕೊಳ್ಳುವುದು. ಬಿಲ್ಲೆ ಕೆಂಪಾಗಿಯೇ ಇರುತ್ತಿತ್ತು. ಮೊದಮೊದಲು ಅವಳು ಕಿವಿ ಹಿಂಡಿ ಎಳೆದು ತಂದು ತಿರುಗಿಸುತ್ತಿದ್ದಳು. ಆಮೇಲೆ ಬೈದುಕೊಂಡು ತಾನೇ ತಿರುಗಿಸತೊಡಗಿದಳು. ಆಮೇಲಾಮೇಲೆ ಬೈಯುವುದೂ ನಿಂತುಹೋಯಿತು. ಅಮ್ಮ ಹೋದಾಗ ಅವನಿಗೆ ಐದು ವರ್ಷ, ಅವಳಿಗೆ ಹದಿನೇಳು. ಅವನ ಮೂಗೊರೆಸಿದ್ದು, ಶರ್ಟಿನ ಗುಂಡಿ ಹಾಕಿದ್ದು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದು ಇದೇ ಕೈ. ಬಿಲ್ಲೆ ತಿರುಗಿಸುವುದೇನು ಮಹಾ ಎಂದುಕೊಂಡಿದ್ದಳು.

ಹಿಂದಿನ ಸಂಜೆ ಅವನ ಕೂದಲು ಕತ್ತರಿಸಿದ್ದೂ ಅವಳೇ. ಗೈಡಿನ ಲೈಸೆನ್ಸ್ ಹೊಸದು ಮಾಡಿಸಬೇಕಿತ್ತು, ಅದಕ್ಕೆ ಫೋಟೋ ಬೇಕಿತ್ತು, ಈ ಜಡೆ ಇಟ್ಟುಕೊಂಡು ಹೋದರೆ ಆಫೀಸಿನವರು ಒಳಗೇ ಬಿಡುವುದಿಲ್ಲ ಎಂದು ಹೆದರಿಸಿದ್ದಳು. ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಕುತ್ತಿಗೆಗೆ ಹಳೆಯ ಹಾಸಿಗೆ ಬಟ್ಟೆ ಸುತ್ತಿ, ಮೀನು ಕತ್ತರಿಸುವ ಕತ್ತರಿಯನ್ನೇ ತೊಳೆದು ತಂದಿದ್ದಳು. ಅರ್ಧ ಗಂಟೆಯಲ್ಲಿ ಕಿವಿ, ಕತ್ತು ಎಲ್ಲ ಬಯಲಾಯಿತು. ಕನ್ನಡಿ ನೋಡಿಕೊಂಡು ಅವನು, ಕೊನೆಗೂ ನನ್ನನ್ನು ಕೈದಿ ಮಾಡಿಬಿಟ್ಟೆಯಲ್ಲ ಎಂದು ಗೋಳಾಡಿದ. ಭಾವನಿಗೆ ತೋರಿಸಿದರೆ ಭಾವ ಒಂದು ಸಲ ನೋಡಿ, "ಕಿವಿ ದೊಡ್ಡದು" ಎಂದು ಮತ್ತೆ ಊಟಕ್ಕೆ ತೊಡಗಿದ.

ಮರುದಿನ ಬೆಳಿಗ್ಗೆ ಆರು ಜನ ಬಂದಿದ್ದರು. ಹೊಸದಾಗಿ ಮದುವೆಯಾದ ಗಂಡಹೆಂಡತಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಮೂವರು ಗೆಳೆಯರು, ಮತ್ತೆ ಒಬ್ಬ ಇತಿಹಾಸದ ಮೇಷ್ಟ್ರು. ನಿವೃತ್ತರಾದ ಮೇಲೆ ಈಜು ಕಲಿತು, ಆಮೇಲೆ ಮುಳುಗುವುದು ಕಲಿತು, ಪುಸ್ತಕದಲ್ಲಿ ಓದಿದ್ದನ್ನೆಲ್ಲ ಕೈಯಿಂದ ಮುಟ್ಟಿಯೇ ಸಾಯುತ್ತೇನೆ ಎಂದು ಹೊರಟ ಮನುಷ್ಯ. ಅವತ್ತಿನ ಮೊದಲ ಮುಳುಗು ಹೊಲಿಗೆ ಹಡಗಿಗೆ. ನೂರು ವರ್ಷಕ್ಕೂ ಹಿಂದೆ ಬಂಡೆಗೆ ಬಡಿದು ಮಗ್ಗುಲಾದ ಉಗಿ ಹಡಗು ಅದು. ನಿಜವಾದ ಹೆಸರು ಮೇಷ್ಟ್ರಿಗೊಬ್ಬರಿಗೆ ಗೊತ್ತು. ಅದರ ಸರಕಿನ ಕೋಣೆಯಲ್ಲಿ ನೂರಾರು ಹೊಲಿಗೆ ಯಂತ್ರಗಳು ತುಕ್ಕು ಹಿಡಿದು ಒಂದರ ಮೇಲೊಂದು ಬಿದ್ದಿರುವುದರಿಂದ ದ್ವೀಪದವರು ಇಟ್ಟ ಹೆಸರು ಇದು. ಹಡಗು ಬಿದ್ದಿರುವುದು ದ್ವೀಪದ ಹೊರಮಗ್ಗುಲಲ್ಲಿ. ಅಲ್ಲಿಂದಾಚೆಗೆ ಬರೀ ಸಮುದ್ರ. ನೀರಿನ ಸೆಳೆತ ಜೋರಾದ್ದರಿಂದ ಅಲ್ಲಿ ಲಂಗರು ಹಾಕುವುದಿಲ್ಲ. ಜನರನ್ನು ಇಳಿಸಿ, ಬೋಟು ಸುತ್ತುತ್ತಾ ಇದ್ದು, ಅವರು ಎಲ್ಲಿ ತೇಲಿ ಬರುತ್ತಾರೋ ಅಲ್ಲಿಗೆ ಹೋಗಿ ಹತ್ತಿಸಿಕೊಳ್ಳುತ್ತದೆ.

ಹತ್ತು ಗಂಟೆಗೆ ಒಬ್ಬೊಬ್ಬರೇ ಮೇಲೆ ಬಂದರು. ಬಂದದ್ದೇ ತಡ ಗಲಾಟೆ ಶುರುವಾಯಿತು. ಅಲೆ ಎದ್ದಿತ್ತು, ಏಣಿ ಬೋಟಿಗೆ ಧಡಧಡ ಬಡಿಯುತ್ತಿತ್ತು. ಮದುಮಗಳಿಗೆ ಮೀನಖಂಡ ಸೆಟೆದುಕೊಂಡು, ಅವಳು ಕಾಲು ಚಾಚಲಾರದೆ ಅಳುತ್ತಿದ್ದಳು. ಬ್ಯಾಂಕಿನವರಲ್ಲಿ ಒಬ್ಬ ಹಡಗಿನೊಳಗೆ ಕಾಲು ಬಡಿದು ಕೆಸರೆಬ್ಬಿಸಿದನಂತೆ, ಏನೂ ಕಾಣದೆ, ದಾರಿ ತಪ್ಪದಿರಲೆಂದು ಗೈಡು ಕಟ್ಟಿದ್ದ ದಾರ ಹಿಡಿದುಕೊಂಡೇ ಎಲ್ಲರೂ ಹೊರಗೆ ಬಂದರಂತೆ. ನೀನು ಬಡಿದದ್ದು, ಅಲ್ಲ ನೀನು ಎಂದು ಆ ಮೂವರೂ ಕಿತ್ತಾಡುತ್ತಿದ್ದರು. ಕೊನೆಯಲ್ಲಿ ಬಂದ ಮೇಷ್ಟ್ರು ತಮ್ಮ ಬಿಲ್ಲೆ ತಿರುಗಿಸಿ, ಹತ್ತಿರದ ಬಕೀಟಿಗೆ ಮುಖ ಇಟ್ಟು ಕೂತವರು ಮೇಲೇಳಲಿಲ್ಲ. ಅಕ್ಕ ಹುಡುಗಿಯ ಕಾಲು ತಿಕ್ಕಿದಳು, ಅವಳಿಗೆ ಧೈರ್ಯ ಹೇಳಿದಳು, ಮೇಷ್ಟ್ರ ಬೆನ್ನು ಸವರಿದಳು, ಬ್ಯಾಂಕಿನವರಿಗೆ ಬಾಯಿ ಮುಚ್ಚಿಕೊಂಡು ಕೂರಿ ಎಂದಳು. "ಬೋರ್ಡು?" ಎಂದ ಗಂಡ. ಅವಳು ತಿರುಗಿ ನೋಡಿದಳು. ಏಳೂ ಹಸಿರು.

"ಪೂರ್ತಿ."

ಎರಡನೆಯ ಹಡಗು ದ್ವೀಪದ ಇನ್ನೊಂದು ಮಗ್ಗುಲಲ್ಲಿ, ನಲವತ್ತು ನಿಮಿಷದ ದಾರಿ. ಅಲ್ಲಿನ ಕೊಲ್ಲಿಯಲ್ಲಿ ನಿಲ್ಲಿಸಿ ಎಲ್ಲರಿಗೂ ಒಂದು ಗಂಟೆಯ ಬಿಡುವು. ಅವಳು ಟೀ, ಬಿಸ್ಕತ್ತು, ಹಣ್ಣು ಹಂಚಿದಳು. ಮೂತಿಯ ಕಡೆ ಟವೆಲ್ ಹೊದ್ದ ಗುಪ್ಪೆ ಕಾಣುತ್ತಿತ್ತು. ಮಲಗಿದರೆ ಕುಂಭಕರ್ಣ, ಎದ್ದಮೇಲೆ ಕುಡಿಯಲಿ ಎಂದು ಅವನ ಪಾಲಿನ ಟೀ ಫ್ಲಾಸ್ಕಿನಲ್ಲೇ ಬಿಟ್ಟಳು. ಮುಕ್ಕಾಲು ಗಂಟೆ ಕಳೆದ ಮೇಲೆ ಸಿಲಿಂಡರ್ ಬದಲಿಸುವ ಹೊತ್ತಾಯಿತು, ಇನ್ನೂ ಏಳಲಿಲ್ಲವಲ್ಲ ಎಂದು ಹೋಗಿ ಟವೆಲ್ ಎಳೆದಳು. ಕೆಳಗೆ ಎರಡು ಲೈಫ್ ಜಾಕೆಟ್ ಇದ್ದವು.

ಶೌಚಾಲಯದ ಬಾಗಿಲು ತಳ್ಳಿದಳು, ಇಂಜಿನ್ನಿನ ಮುಚ್ಚಳ ಎತ್ತಿದಳು, ಮನುಷ್ಯ ಹಿಡಿಸದ ಐಸ್ ಪೆಟ್ಟಿಗೆಯನ್ನೂ ತೆರೆದು ನೋಡಿದಳು. ಬೋಟಿನ ಸುತ್ತ ನೀರಿಗೆ ಬಗ್ಗಿ ಕೂಗಿದಳು. ಗಂಡ ಅವಳ ಮುಖ ನೋಡಿದವನೇ ವೈರ್‌ಲೆಸ್ ಕೈಗೆತ್ತಿಕೊಂಡ.

ಕರಾವಳಿ ಕಾವಲು ಪಡೆಯ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ, ಆದರೆ ಎರಡು ಸಲ ಕೇಳಿದ. ಗೈಡು ಹೊಲಿಗೆ ಹಡಗಿನ ಹತ್ತಿರ ಬೋಟು ಹತ್ತಿದ್ದು ಖಂಡಿತವೇ? ಪ್ರಶ್ನೆ ಸಣ್ಣದು, ಅದರ ಮೇಲೆ ನಿಂತದ್ದು ಒಂದು ಜೀವ. ಹತ್ತಿದ್ದರೆ ಅವನು ದಾರಿಯಲ್ಲಿ ಎಲ್ಲೋ ಮೂತಿಯಿಂದ ಜಾರಿ ಬಿದ್ದಿದ್ದಾನೆ, ನಲವತ್ತು ನಿಮಿಷದ ದಾರಿಯನ್ನು ಬಾಚಣಿಗೆ ಹಾಕಿದ ಹಾಗೆ ಹುಡುಕಬೇಕು. ಹತ್ತಿಲ್ಲದಿದ್ದರೆ ಅವನು ಹೊರಮಗ್ಗುಲಿನಲ್ಲಿ, ಬಯಲು ಸಮುದ್ರದ ಕಡೆಗೆ ತೇಲಿಕೊಂಡು ಹೋಗುತ್ತಿದ್ದಾನೆ, ಗಂಟೆ ಕಳೆದಂತೆ ಇನ್ನಷ್ಟು ದೂರ. ಇದ್ದದ್ದು ಎರಡೇ ಕಾವಲು ಬೋಟು. ಎರಡೂ ಕಡೆ ಹಂಚಿದರೆ ಎರಡು ಕಡೆಯೂ ಅರೆಬರೆ.

"ನೀವೇ ಕಣ್ಣಾರೆ ನೋಡಿದ್ರಾ?" ಎಂದ ಅಧಿಕಾರಿ.

"ನೋಡ್ದೆ. ಏಣಿ ಹತ್ತಿ ಬಂದ, ಫಿನ್ಸ್ ಬುಟ್ಟಿಗೆ ಎಸೆದ, ಟೀ ಕೇಳ್ದ. ಬಿಲ್ಲೆ ಹಸಿರಿದೆ."

ಸುಳ್ಳಲ್ಲ. ಅವಳಿಗೆ ಅದು ಕಣ್ಣಿಗೆ ಕಟ್ಟಿದ ಹಾಗಿತ್ತು. ಹಿಂದೆ ನಿಂತಿದ್ದ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ತಾವು ಕೊನೆಗೆ ಹತ್ತಿದ್ದು, ತಮ್ಮ ಹಿಂದೆ ಗೈಡು ಹತ್ತಿದ್ದನ್ನು ತಾವಂತೂ ನೋಡಲಿಲ್ಲ ಎಂದರು. ಅವಳಿಗೆ ಉರಿದುಹೋಯಿತು. ಬಕೀಟಿನೊಳಗೆ ತಲೆ ಇಟ್ಟಿದ್ದವರಿಗೆ ಏನು ಕಾಣುತ್ತದೆ ಎಂದು ಎಲ್ಲರ ಮುಂದೆ ಅಂದುಬಿಟ್ಟಳು. ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು ಹಿಂದೆ ಸರಿದರು. ಅನುಮಾನ ಬಂದವರು ಮತ್ತೆ ಯಾರೂ ಬಾಯಿ ತೆರೆಯಲಿಲ್ಲ.

ಹುಡುಕಾಟ ದಾರಿಯ ಉದ್ದಕ್ಕೂ ನಡೆಯಿತು. ಕಾವಲು ಬೋಟುಗಳು ಎರಡು ಕಡೆ, ನಡುವೆ ಇವರದು. ಬ್ಯಾಂಕಿನವರು ಒಂದು ಸಲ ನಮ್ಮನ್ನು ದಡಕ್ಕೆ ಬಿಟ್ಟು ಬಂದರೆ ಒಳ್ಳೆಯದಿತ್ತು ಎಂದು ಪಿಸುಗುಟ್ಟಿದರು. ಮೇಷ್ಟ್ರು ಕಣ್ಣು ಕೆಂಪಗೆ ಮಾಡಿ ನೋಡಿದ್ದಕ್ಕೆ ಆಮೇಲೆ ಅವರೂ ಒಂದೊಂದು ಕಡೆ ನಿಂತು ನೀರು ದಿಟ್ಟಿಸತೊಡಗಿದರು. ತೇಲುತ್ತಿದ್ದ ಪ್ರತಿ ಸೋಗೆ, ಪ್ರತಿ ಡಬ್ಬಿ ತಮ್ಮನ ತಲೆಯಾಗಿ ಕಂಡು, ಹತ್ತಿರ ಹೋದರೆ ಮತ್ತೆ ಸೋಗೆಯೇ ಆಗುತ್ತಿತ್ತು. ಅಕ್ಕ ಮೂತಿಯಲ್ಲಿ ಕಂಬಿ ಹಿಡಿದು ನಿಂತವಳು ನೀರು ಕೂಡ ಕುಡಿಯಲಿಲ್ಲ. ಒಳಗೆ ಒಂದೇ ಸಮ ಬೈಯುತ್ತಿದ್ದಳು: ಮೂತಿಯಲ್ಲಿ ಮಲಗಬೇಡ ಅಂತ ಎಷ್ಟು ಸಲ ಹೇಳಿದ್ದೆ ಮುಂಡೇದೇ, ಸಿಗು ನೀನು, ಸಿಕ್ಕಮೇಲೆ ಎರಡು ಬಿಡದಿದ್ದರೆ ಕೇಳು.

ಎರಡು ಗಂಟೆ ದಾಟಿತು. ಎರಡೂವರೆ. ಬೈಗುಳ ಮುಗಿದುಹೋಗಿ ಅವಳು ಕೊನೆಯ ಸಲ ಅವನನ್ನು ನೋಡಿದ್ದನ್ನೇ ಮತ್ತೆ ಮತ್ತೆ ನೆನೆಯತೊಡಗಿದಳು. ಏಣಿ ಹತ್ತಿದ. ಹಳದಿ ಫಿನ್ಸ್ ಬುಟ್ಟಿಗೆ ಎಸೆದ. ಕೂದಲು ಕೊಡವಿದ, ತನ್ನ ಕುತ್ತಿಗೆ, ರವಿಕೆ ಎಲ್ಲ ಒದ್ದೆಯಾಯಿತು, ಥೂ ಎಂದಳು. ಅಕ್ಕ, ಟೀ ಎಂದ.

ಕೂದಲು ಕೊಡವಿದ.

ಯಾವ ಕೂದಲು?

ಕೊಡವುವುದಕ್ಕೆ ಅವನ ತಲೆಯಲ್ಲಿ ಕೂದಲೇ ಇರಲಿಲ್ಲ. ಹಿಂದಿನ ಸಂಜೆ ಅಡುಗೆಮನೆಯ ನೆಲದಿಂದ ಅದನ್ನು ಗುಡಿಸಿ, ಮೊರದಲ್ಲಿ ತುಂಬಿ ಹೊರಗೆ ಚೆಲ್ಲಿದವಳು ತಾನೇ. ತಾನು ಕಂಡದ್ದು ಇವತ್ತಿನ ತಮ್ಮನನ್ನಲ್ಲ. ಮೊನ್ನೆಯವನನ್ನೋ, ಹೋದ ವರ್ಷದವನನ್ನೋ, ದಿನಾ ಹತ್ತಿ ಬಂದ ಯಾವನೋ ತಮ್ಮನನ್ನು. ಹಾಗಾದರೆ ಬುಟ್ಟಿಯಲ್ಲಿದ್ದ ಹಳದಿ ಫಿನ್ಸ್? ಅವಳು ಮದುಮಗಳ ಕಡೆ ತಿರುಗಿದಳು. ಬೆಳಿಗ್ಗೆ ಆ ಹುಡುಗಿಯ ಫಿನ್ಸಿನ ಪಟ್ಟಿ ಕಿತ್ತುಹೋಗಿ, ತಮ್ಮನ ಇನ್ನೊಂದು ಜೊತೆಯನ್ನು ಪೆಟ್ಟಿಗೆಯಿಂದ ತೆಗೆದು ಕೊಟ್ಟದ್ದೂ ತಾನೇ. ಕಾಲು ತಿಕ್ಕುವ ಮುಂಚೆ ಅದನ್ನು ಕಳಚಿ ಬುಟ್ಟಿಗೆ ಹಾಕಿದ್ದೂ ತಾನೇ. ಎದ್ದು ನಿಂತಾಗ ಬುಟ್ಟಿಯಲ್ಲಿ ಹಳದಿ ಕಂಡಿತು, ಕೈ ಹೋಯಿತು, ಬಿಲ್ಲೆ ತಿರುಗಿತು. ಅವಳಿಗೆ ಅದರ ನೆನಪೇ ಇರಲಿಲ್ಲ. ಬಾಗಿಲಿಗೆ ಚಿಲಕ ಹಾಕಿದ್ದು ಯಾರಿಗಾದರೂ ನೆನಪಿರುತ್ತದೆಯೇ?

ಗಂಡನ ಹತ್ತಿರ ಹೋದಳು.

"ರೀ, ಅವನು ಹತ್ತಿಲ್ಲ."

ಗಂಡ ಅವಳನ್ನೇ ನೋಡಿದ. "ನೋಡ್ದೆ ಅಂದೆ."

"ನೋಡಿಲ್ಲ. ಬಿಲ್ಲೆ ನಾನು ತಿರುಗಿಸಿರೋದು."

"ಮೂರು ಗಂಟೆ ಆಯ್ತು. ಈಗ ಹೇಳ್ತಿದ್ದೀಯ?" ಅವನ ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ಇಲ್ಲಿಂದ ಎಲ್ಲರನ್ನೂ ಆ ಕಡೆ ಎಳ್ಕೊಂಡು ಹೋಗಿ, ಅವನು ಇಲ್ಲೇ ಇದ್ದರೆ? ಖಂಡಿತ ಹೇಳು. ಈಗ ಹೇಳೋದಾದ್ರೂ ಖಂಡಿತ ಹೇಳು."

ಖಂಡಿತ ಎಂದರೆ ಏನೆಂದು ಅವಳಿಗೆ ಇನ್ನು ಜನ್ಮದಲ್ಲಿ ಗೊತ್ತಾಗುವ ಹಾಗಿರಲಿಲ್ಲ. ಬೆಳಿಗ್ಗೆಯೂ ಅವಳು ಖಂಡಿತವಾಗಿಯೇ ಹೇಳಿದ್ದಳು. ಕಣ್ಣು ಮುಚ್ಚಿ, ಏಣಿಯ ಮೇಲೆ ಬೋಳು ಕತ್ತಿನ, ದೊಡ್ಡ ಕಿವಿಯ ತಮ್ಮನನ್ನು ಒಂದೇ ಒಂದು ಸಲ ಕಾಣಲು ನೋಡಿದಳು. ಕಾಣಲಿಲ್ಲ. ಎಷ್ಟು ಕರೆದರೂ ಜಡೆಯವನೇ ಬಂದ. ಅವಳು ಗಂಡನ ಕೈಯಿಂದ ವೈರ್‌ಲೆಸ್ ತೆಗೆದುಕೊಂಡಳು. ಆ ಚಾನೆಲ್ಲಿನಲ್ಲಿ ಕಾವಲು ಬೋಟುಗಳಷ್ಟೇ ಅಲ್ಲ, ದ್ವೀಪದ ಅಷ್ಟೂ ಬೋಟಿನವರು, ಬಂದರಿನ ಆಫೀಸು, ಟೀ ಅಂಗಡಿಯಲ್ಲಿ ರೇಡಿಯೋ ಇಟ್ಟುಕೊಂಡವನು, ಎಲ್ಲರೂ ಕಿವಿಯಾಗಿದ್ದರು. ಮರ್ಯಾದೆಯ ಮಾತು ಅವಳ ತಲೆಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಬಂದರೂ ಗುಂಡಿ ಒತ್ತಿದಳು.

"ನಾನು ಅಕ್ಕ ಮಾತಾಡ್ತಿದ್ದೀನಿ. ನನ್ನ ತಮ್ಮ ಬೋಟ್ ಹತ್ತೇ ಇಲ್ಲ. ಅವನ ಬಿಲ್ಲೆ ತಿರುಗಿಸಿದ್ದು ನಾನು, ನೋಡ್ದೆ ಅಂತ ತಪ್ಪು ಹೇಳಿದ್ದೂ ನಾನು. ಬೆಳಗ್ಗೆ ಹತ್ತರಿಂದ ಅವನು ಹೊಲಿಗೆ ಹಡಗಿನ ಕಡೆ ನೀರಲ್ಲಿದ್ದಾನೆ. ಎಲ್ಲರೂ ಆ ಕಡೆ ಬನ್ನಿ. ದಯವಿಟ್ಟು ಬನ್ನಿ."

ಅಧಿಕಾರಿ, ಒಂದು ಮಾತೂ ಹೆಚ್ಚಿಗೆ ಆಡದೆ, ತನ್ನ ಎರಡೂ ಬೋಟನ್ನು ಹೊರಮಗ್ಗುಲಿಗೆ ತಿರುಗಿಸಿದ. ಇನ್ನೊಂದು ಮುಳುಗು ಬೋಟಿನವನು, ಇವರ ಮೇಲೆ ಸದಾ ಕತ್ತಿ ಮಸೆಯುತ್ತಿದ್ದವನು, ನಾವು ಹೊರಟ್ವಿ ಅಕ್ಕ ಎಂದ. ಮೀನಿನ ಬೋಟುಗಳು ಒಂದಾದ ಮೇಲೊಂದು, ಬಂದ್ವಿ, ಬಂದ್ವಿ ಎಂದವು. ಗಂಡ ಸ್ಟಿಯರಿಂಗ್ ತಿರುಗಿಸಿದ.

ಹೊಲಿಗೆ ಹಡಗಿನ ಹತ್ತಿರ, ಅದನ್ನು ಮುಳುಗಿಸಿದ ಬಂಡೆಯ ಮೇಲೆ, ಹಾದುಹೋಗುವವರಿಗೆ ಎಚ್ಚರಿಕೆಯೆಂದು ನೆಟ್ಟ ಒಂದು ಕಬ್ಬಿಣದ ಕಂಬವಿದೆ. ಅದರ ಬುಡದಲ್ಲಿ ತಮ್ಮನ ಸಿಲಿಂಡರ್ ಸಿಕ್ಕಿತು. ತಾನಾಗಿ ಬಿದ್ದದ್ದಲ್ಲ, ಕಂಬಕ್ಕೆ ಪಟ್ಟಿ ಬಿಗಿದು ಕಟ್ಟಿದ್ದು. ಹಾಗಾದರೆ ಅವನು ಅಲ್ಲಿಯವರೆಗೆ ಈಜಿ ಬಂದಿದ್ದಾನೆ, ಕಂಬ ಹಿಡಿದು ನಿಂತಿದ್ದಾನೆ. ಅಲ್ಲೇ ಇದ್ದಿದ್ದರೆ ಸಾಕಿತ್ತು. ಯಾಕೆ ಬಿಟ್ಟು ಹೋದ ಎನ್ನುವುದು ಯಾರಿಗೂ ಬಗೆಹರಿಯಲಿಲ್ಲ. ಕೈ ಸೋತು ಜಾರಿರಬೇಕು ಎಂದ ಅಧಿಕಾರಿ, ಸೆಳೆತ ದಕ್ಷಿಣಕ್ಕಿದೆ, ದಕ್ಷಿಣಕ್ಕೆ ನೋಡೋಣ ಎಂದ. ಎಲ್ಲ ಬೋಟುಗಳೂ ದಕ್ಷಿಣಕ್ಕೆ ಹರಡಿಕೊಂಡವು. ಬಿಸಿಲು ಕೆಂಪಾಗತೊಡಗಿತು. ಕತ್ತಲಾದರೆ ಸಮುದ್ರದ ನಡುವೆ ಒಂದು ತಲೆ ಕಾಣುವ ಮಾತೇ ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವುದು ಬೇಕಾಗಿರಲಿಲ್ಲ. ಮೇಷ್ಟ್ರು ಅಕ್ಕನ ಪಕ್ಕ ಬಂದು ನಿಂತರು. ಅವಳು ಕ್ಷಮೆ ಕೇಳಲು ಹೊರಟರೆ, ಮೊದಲು ನೀರು ನೋಡಮ್ಮ ಎಂದು ತಡೆದರು.

ಅವನು ಸಿಕ್ಕಿದ್ದು ದಕ್ಷಿಣದಲ್ಲಲ್ಲ. ರೇಡಿಯೋದಲ್ಲಿ ಅಕ್ಕನ ದನಿ ಕೇಳಿ, ಬಲೆ ಎಳೆಯುವುದನ್ನು ಅರ್ಧಕ್ಕೆ ಬಿಟ್ಟು ಪೂರ್ವದಿಂದ ಬರುತ್ತಿದ್ದ ಒಂದು ಮೀನಿನ ಬೋಟಿಗೆ, ಐದೂವರೆ ಗಂಟೆಗೆ, ಯಾರೂ ಹುಡುಕದ ಕಡೆ. ಇನ್ನೂ ಉಸಿರಾಡ್ತಿದ್ದಾನೆ ಬೇಗ ಬನ್ನಿ ಎಂದು ವೈರ್‌ಲೆಸ್ಸಿನಲ್ಲಿ ಬಂದಾಗ ಅಕ್ಕ ನೀರಿನ ಲೋಟ, ಚಮಚ ತರಲು ಓಡಿದಳು. ಗಂಡ ಬೋಟು ಓಡಿಸಿದ ರೀತಿಗೆ ಇಂಜಿನ್ನು ಅವತ್ತೇ ಪ್ರಾಣ ಬಿಡಬೇಕಿತ್ತು.

ಮೀನಿನವರು ಅವನನ್ನು ತೋಳು, ಕಾಲು ಹಿಡಿದು ಈ ಬೋಟಿಗೆ ದಾಟಿಸಿದರು. ಬಿಸಿಲಿಗೆ ಮುಖ ಬೆಂದು ಕಣ್ಣು ಸೀಳಿನಷ್ಟಾಗಿತ್ತು, ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಅಕ್ಕ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಿಂದ ನೀರು ಹಾಕಿದಳು. ಒಂದು ಗುಟುಕು ಒಳಗೆ ಹೋದದ್ದೇ ಅವನು ತಲೆ ತಿರುಗಿಸಿ ಬೋಟಿನಲ್ಲಿದ್ದವರನ್ನು ಒಬ್ಬೊಬ್ಬರನ್ನೇ ನೋಡತೊಡಗಿದ. ಮದುಮಕ್ಕಳನ್ನು ನೋಡಿದ. ಬ್ಯಾಂಕಿನ ಮೂವರನ್ನು. ಮೇಷ್ಟ್ರನ್ನು. ಭಾವನನ್ನು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದ. ಎಣಿಸಿ ಮುಗಿದ ಮೇಲೆ ಗಟ್ಟಿಯಾಗಿ ಅತ್ತುಬಿಟ್ಟ, ಐದು ವರ್ಷದವನಿದ್ದಾಗ ಅತ್ತ ಹಾಗೆ.

"ಎಲ್ಲರೂ ಇದ್ದೀರ?" ಎಂದ. "ಬೋಟ್ ಮುಳುಗಿಲ್ವ?"

ಅಕ್ಕನಿಗೆ ಅರ್ಥವಾಗಲಿಲ್ಲ. ಬಿಸಿಲಿಗೆ ತಲೆ ಕೆಟ್ಟಿದೆ ಎಂದುಕೊಂಡಳು.

"ಕೆಸರಲ್ಲಿ ದಾರ ಒಳಗೇ ಉಳ್ಕೊಂಡಿತ್ತು," ಎಂದು ಅವನು ತಡೆದು ತಡೆದು ಹೇಳಿದ. "ಇವರನ್ನೆಲ್ಲ ಏಣಿವರೆಗೂ ಬಿಟ್ಟು, ಅದನ್ನ ಬಿಚ್ಕೊಂಡು ಬರೋಣ ಅಂತ ಮತ್ತೆ ಇಳಿದೆ. ಮಧ್ಯಾಹ್ನ ಬರೋರು ಯಾರಾದ್ರೂ ಸಿಕ್ಕಾಕ್ಕೊಂಡು ಸತ್ತರೆ? ಮೇಲೆ ಬಂದು ನೋಡ್ತೀನಿ, ನೀವಿಲ್ಲ. ಐದು ನಿಮಿಷಕ್ಕೆ ಬರ್ತೀರ ಅಂತ ಕಂಬ ಹಿಡ್ಕೊಂಡು ನಿಂತೆ. ಹನ್ನೆರಡು ಗಂಟೆವರೆಗೂ ನಿಂತೆ ಅಕ್ಕ. ಆಮೇಲೆ ಗೊತ್ತಾಯ್ತು, ನೀವ್ಯಾರೂ ಉಳಿದಿಲ್ಲ ಅಂತ. ಬೆಂಕಿ ಬಿತ್ತೋ, ಬಂಡೆಗೆ ಹೊಡೀತೋ. ಇಲ್ಲದಿದ್ರೆ ನೀನು ಬರದೇ ಇರ್ತಿದ್ಯ? ಅದಕ್ಕೇ ಕಂಬ ಬಿಟ್ಟು, ಬೋಟ್ ಹೋಗೋ ದಾರಿ ಕಡೆ ಈಜ್ಕೊಂಡು ಹೊರಟೆ, ಸೆಳೆತ ಪಕ್ಕಕ್ಕೆ ಎಳ್ಕೊಂಡು ಹೋಯ್ತು. ಯಾರಾದ್ರೂ ತೇಲ್ತಿರ್ತೀರೇನೋ ಅಂತ. ನಿನಗೆ ಈಜು ಸರಿಯಾಗಿ ಬರಲ್ಲವಲ್ಲ."

ಮದುಮಗಳು ಬಾಯಿಗೆ ಟವೆಲ್ ಒತ್ತಿಕೊಂಡಳು. ಇಡೀ ದ್ವೀಪಕ್ಕೆ ಕೇಳುವ ಹಾಗೆ ವೈರ್‌ಲೆಸ್ಸಿನಲ್ಲಿ ಹೇಳಿದವಳಿಗೆ, ತೊಡೆಯ ಮೇಲಿದ್ದ ಒಬ್ಬನಿಗೆ ಹೇಳಲು ಬಾಯಿ ಬರಲಿಲ್ಲ. ಅವನೊಬ್ಬನೇ ಅದನ್ನು ಕೇಳಿಸಿಕೊಳ್ಳದವನು.

"ಏನಾಗಿತ್ತು ಅಕ್ಕ? ಇಂಜಿನ್ ಕೈಕೊಡ್ತಾ?" ಎಂದು ಅವನೇ ಕೇಳಿದ.

"ಹೂಂ," ಎಂದ ಭಾವ, ಸ್ಟಿಯರಿಂಗ್ ಹತ್ತಿರದಿಂದ, ಹಿಂದೆ ತಿರುಗದೆ. "ಇಂಜಿನ್ನೇ."

ಹೆಂಡತಿಗಾಗಿ ಆ ಮನುಷ್ಯ ಅಷ್ಟು ಬೇಗ ಬಾಯಿ ತೆರೆದದ್ದು ಅದೇ ಮೊದಲು. ಅವಳು ಒಂದು ಗಳಿಗೆ ಆ ಮಾತಿನ ನೆರಳಿನಲ್ಲಿ ಕೂತಳು. ಹಾಗೇ ಕೂತುಬಿಡಬಹುದಿತ್ತು, ಬಂದರು ಮುಟ್ಟುವವರೆಗಾದರೂ. ಆದರೆ ಬೆಳಿಗ್ಗೆಯಿಂದ ಒಂದು ಸುಳ್ಳನ್ನು ನಿಜವೆಂದು ನಂಬಿ ಇವನನ್ನು ಏಳು ಗಂಟೆ ನೀರಿನಲ್ಲಿ ಬಿಟ್ಟಿದ್ದಳು. ಇನ್ನೊಂದನ್ನು ಗೊತ್ತಿದ್ದೂ ನಂಬಿಸುವುದು ಅವಳಿಂದ ಆಗಲಿಲ್ಲ.

"ಇಂಜಿನ್ ಚೆನ್ನಾಗೇ ಇತ್ತು ಕಣೋ," ಎಂದಳು. "ನಾನೇ ಬಿಟ್ಟು ಹೋದೆ. ನೀನು ಹತ್ತಿದ್ದೀಯ ಅಂದ್ಕೊಂಡು ನಿನ್ನ ಬಿಲ್ಲೆ ನಾನೇ ತಿರುಗಿಸಿ, ಹೊರಡಿ ಅಂದೆ. ಕೇಳಿದವರಿಗೂ ನಿನ್ನ ನೋಡಿದ್ದೀನಿ ಅಂದೆ. ಅದಕ್ಕೇ ಇಷ್ಟು ಹೊತ್ತಾಯ್ತು."

ಅವನು ನಕ್ಕ. ಒಡೆದ ತುಟಿಯಲ್ಲಿ ಮತ್ತೆ ರಕ್ತ ಬಂತು. "ಸುಮ್ನಿರಕ್ಕ," ಎಂದು ಭಾವನ ಕಡೆ ನೋಡಿದ. ಭಾವ ತಿರುಗಲಿಲ್ಲ. ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಒರೆಸುತ್ತಿದ್ದರು. ಅಕ್ಕನ ಮುಖವನ್ನು ಅವನು ಕೊನೆಗೆ ನೋಡಿದ, ಬಹಳ ಹೊತ್ತು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಬೈಯಲಿ, ಕೈಗೆ ಸಿಕ್ಕಿದ್ದರಿಂದ ಹೊಡೆಯಲಿ ಎಂದು ಕಾದಳು.

ಅವನು ಎರಡೂ ಕೈ ಊರಿ, ಅವಳ ತೊಡೆಯ ಮೇಲಿಂದ ತಲೆ ಎತ್ತಿ ಎದ್ದು ಕೂತ. ಅವಳು ಆನಿಕೆ ಕೊಡಲು ಹೋದರೆ ಬೇಡವೆಂದು ತಲೆಯಾಡಿಸಿ, ಬೋಟಿನ ಅಂಚು ಹಿಡಿದುಕೊಂಡ. ನೀರಿನ ಲೋಟ, ಚಮಚ ಅವಳ ಕೈಯಲ್ಲೇ ಇದ್ದವು.

"ಸರ್," ಎಂದು ಅವನು ಮೇಷ್ಟ್ರನ್ನು ಕರೆದ. "ಸ್ವಲ್ಪ ನೀರು ಕೊಡ್ತೀರಾ?"